ಲೆ ಮಾನ್ಸ್ 24 ಗಂಟೆ ರೇಸಿಗೆ ದುಡ್ಡು ಕೊಟ್ಟು ಕ್ಲಬ್ ಸದಸ್ಯರಾಗಬೇಕಾ?

ಒಂದೇ ಸಲ ನೋಡಿ ಬರುವುದಾದರೆ ಸದಸ್ಯತ್ವ ಬೇಕೇಬೇಕು ಅಂತೇನಿಲ್ಲ. ಆದರೆ ಫ್ರಾನ್ಸಿನ ಈ ಕಾರ್ ರೇಸಿಗೆ ಟಿಕೆಟ್ ಸಿಗುವುದೇ ಕಷ್ಟ, ಅಲ್ವಾ? 1923ರಲ್ಲಿ ಇದನ್ನು ಶುರು ಮಾಡಿದ ಎಸಿಓ ಅನ್ನೋ ಫ್ರೆಂಚ್ ಕಾರು ಕ್ಲಬ್ ತನ್ನ ಸದಸ್ಯರಿಗೆ ಮೊದಲು ಬುಕ್ ಮಾಡಲು ಬಿಡುತ್ತದೆ, ಬೆಲೆಯಲ್ಲೂ ರಿಯಾಯಿತಿ ಕೊಡುತ್ತದೆ. ವರ್ಷ ವರ್ಷ ಹೋಗುವವರಿಗೆ ಖಂಡಿತ ಲಾಭ. ಉಳಿದವರು ರಿಯಾಯಿತಿಯಲ್ಲಿ ಉಳಿಯುವ ದುಡ್ಡು ಜಾಸ್ತಿಯೋ ಸದಸ್ಯತ್ವದ ಶುಲ್ಕ ಜಾಸ್ತಿಯೋ ಅಂತ ಮೊದಲು ಲೆಕ್ಕ ಹಾಕಿ.

ನನ್ನನ್ನು ಕೇಳಿದರೆ, ಈ ರೇಸಿನ ನಿಜವಾದ ಸೊಗಸು ಸಾಮಾನ್ಯ ಟಿಕೆಟಿನಲ್ಲೇ ಸಿಗುತ್ತದೆ. ಟ್ರ್ಯಾಕ್ 13.6 ಕಿಲೋಮೀಟರ್ ಉದ್ದ. ಸುಮ್ನೆ ಒಂದೇ ಕಡೆ ಕೂರಬೇಡಿ. ನಡುರಾತ್ರಿ ಆರ್ನಾಜ್ ತಿರುವಿಗೆ ಹೋಗಿ ನಿಲ್ಲಿ. ಕಾರು ಬ್ರೇಕ್ ಹಾಕಿದ ಕ್ಷಣ ಚಕ್ರದೊಳಗಿನ ಡಿಸ್ಕ್ ಕೆಂಡದ ಹಾಗೆ ಹೊಳೆಯುತ್ತದೆ. ಅದನ್ನು ನೋಡಲು ಯಾವ ಸದಸ್ಯತ್ವದ ಕಾರ್ಡೂ ಬೇಡ.