ರಾತ್ರಿಯೆಲ್ಲ ಕಟಕಟ, ಬೆಳಿಗ್ಗೆ ದವಡೆ ನೋವು

ಪ್ರಶ್ನೆ: ನಮ್ಮ ಮನೆಯವರಿಗೆ 42 ವರ್ಷ, ಪವರ್‌ಲೂಮ್ ನಡೆಸುತ್ತಾರೆ. ರಾತ್ರಿ ನಿದ್ದೆಯಲ್ಲಿ ಕಟಕಟ ಹಲ್ಲು ಕಡಿಯುತ್ತಾರೆ, ನನಗೆ ಎಚ್ಚರವಾಗುತ್ತದೆ. ಗೊರಕೆಯೂ ಇದೆ. ಬೆಳಿಗ್ಗೆ ದವಡೆ ಬಿಗಿ, ತಲೆನೋವು. ಖಡಕ್ ರೊಟ್ಟಿ ಅಗಿಯೋಕೆ ಆಗಲ್ಲ. ಹೊಟ್ಟೆಯಲ್ಲಿ ಜಂತು ಇರಬೇಕು, ಮಾತ್ರೆ ಕೊಡಿಸು ಅಂತಾರೆ ನಮ್ಮತ್ತೆ. ಏನು ಮಾಡಲಿ?
– ಓದುಗರೊಬ್ಬರು, ಬನಹಟ್ಟಿ

ಉತ್ತರ: ಅಕ್ಕಾರೇ, ಜಂತಿನ ಮಾತ್ರೆಯಿಂದ ಇದು ನಿಲ್ಲುವುದಿಲ್ಲ. ನೀವು ಬರೆದಿರುವುದರಲ್ಲಿ ನನಗೆ ಮುಖ್ಯ ಅನಿಸಿದ್ದು ಗೊರಕೆ. ಗೊರಕೆಯ ನಡುವೆ ಉಸಿರು ಕಟ್ಟಿದ ಹಾಗೆ ಆಗುತ್ತದಾ, ಹಗಲಲ್ಲಿ ತೂಕಡಿಸುತ್ತಾರಾ, ಎರಡು ಮೂರು ರಾತ್ರಿ ಗಮನಿಸಿ. ಹಾಗಿದ್ದರೆ ಮೊದಲು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ, ಯಾಕಂದ್ರೆ ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲಿ ಹಲ್ಲು ಕಡಿಯೋದೂ ಜಾಸ್ತಿ ಕಾಣುತ್ತದೆ.

ಉಳಿದಂತೆ ಟೆನ್ಷನ್, ಸಂಜೆ ಮೇಲಿನ ಚಹಾ, ತಂಬಾಕು, ಕುಡಿತ ಇವೆಲ್ಲ ಇದನ್ನು ಹೆಚ್ಚಿಸುತ್ತವೆ. ಖಿನ್ನತೆಗೆ ಕೊಡುವ ಸರ್ಟ್ರಲಿನ್, ಫ್ಲೂಕ್ಸೆಟಿನ್ ತರಹದ ಮಾತ್ರೆಗಳಿಂದಲೂ ಕೆಲವರಿಗೆ ಶುರುವಾಗುತ್ತದೆ. ಅಂಥ ಮಾತ್ರೆ ಇದ್ದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಹಗಲಲ್ಲೂ ಅವರು ಹಲ್ಲು ಕಚ್ಚಿ ಹಿಡಿಯುತ್ತಿರಬಹುದು, ಬಹಳ ಜನರಿಗೆ ಅದು ಗೊತ್ತೇ ಆಗಲ್ಲ. ಮಗ್ಗದ ಮುಂದೆ ಬಗ್ಗಿ ಹರಿದ ಎಳೆಗೆ ಗಂಟು ಹಾಕುವಾಗ ಅವರ ಕೆನ್ನೆ ನೋಡಿ, ಕಿವಿಯ ಮುಂದೆ ಸ್ವಲ್ಪ ಕೆಳಗೆ ಸ್ನಾಯು ಗಟ್ಟಿಯಾಗಿ ಉಬ್ಬಿದ್ದರೆ ಅದೇ. ತುಟಿ ಮುಚ್ಚಿರಬೇಕು, ಹಲ್ಲು ಮಾತ್ರ ಒಂದಕ್ಕೊಂದು ತಾಗಬಾರದು. ಬಾಯಿ ಸುಮ್ನೆ ಇರುವಾಗ ಮೇಲಿನ ಕೆಳಗಿನ ಹಲ್ಲಿನ ನಡುವೆ 2ರಿಂದ 4 ಮಿಲಿಮೀಟರ್ ಜಾಗ ಇರೋದೇ ಸರಿ. ಮಗ್ಗದ ಮೇಲೆ ಒಂದು ಬಣ್ಣದ ಚೀಟಿ ಅಂಟಿಸಿ, ಕಂಡಾಗಲೆಲ್ಲ ದವಡೆ ಸಡಿಲ ಬಿಡಲಿ. ಖರ್ಚಿಲ್ಲದ ಉಪಾಯ, ಆದರೆ ನಾನು ಎಲ್ಲಕ್ಕಿಂತ ಮೊದಲು ಹೇಳೋದು ಇದನ್ನೇ.

ಹಲ್ಲು ಸವೆದಿದೆಯಾ, ಸೀಳು ಬಿಟ್ಟಿದೆಯಾ ಅಂತ ದಂತವೈದ್ಯರು ನೋಡಲೇಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಡೆಂಟಲ್ ಕಾಲೇಜುಗಳಿವೆ. ಅಳತೆ ತೆಗೆದು ನೈಟ್ ಗಾರ್ಡ್, ಅಂದ್ರೆ ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ, ಮಾಡಿಕೊಡುತ್ತಾರೆ. ಅದು ಕಡಿಯೋದನ್ನು ನಿಲ್ಲಿಸುವುದಿಲ್ಲ, ಹಲ್ಲು ಸವೆಯದಂತೆ ಕಾಯುತ್ತದೆ. ಆನ್‌ಲೈನಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚುವ ಮೆತ್ತನೆ ಗಾರ್ಡ್ ಸರಿಯಾಗಿ ಕೂರೋದಿಲ್ಲ, ಅದನ್ನು ಹಾಕಿಕೊಂಡು ಇನ್ನೂ ಜಾಸ್ತಿ ಅಗಿಯುವವರೂ ಇದ್ದಾರೆ. ಹಲ್ಲಿನ ಮೇಲ್ಭಾಗ ತೇಯ್ದು, ಮೇಲಿನ ಕೆಳಗಿನ ಹಲ್ಲು ಕೂರುವ ರೀತಿ ಸರಿ ಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ತೇಯ್ದು ಹೋದ ಹಲ್ಲು ಮತ್ತೆ ಬರಲ್ಲ. ದವಡೆಯ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಬೇರೇನೂ ಕೆಲಸ ಮಾಡದಾಗ ಯೋಚಿಸುವ ಮಾತು.

ನೋವು ಇಳಿಯುವ ತನಕ ಖಡಕ್ ರೊಟ್ಟಿ, ಕಬ್ಬು, ಅಡಿಕೆ ಬೇಡ. ಬಿಸಿ ರೊಟ್ಟಿ ಬ್ಯಾಳಿಯಲ್ಲಿ ನೆನೆಸಿ ಕೊಡಿ, ಜೋಳದ ನುಚ್ಚು ಕೊಡಿ. ಮಲಗುವ ಮುಂಚೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಎರಡೂ ಕೆನ್ನೆಗೆ ಹತ್ತು ಹದಿನೈದು ನಿಮಿಷ ಶಾಖ ಕೊಡಿ. ಬಾಯಿ ತೆರೆಯಲು ಆಗದೆ ದವಡೆ ಸಿಕ್ಕಿಕೊಂಡರೆ ಮಾತ್ರ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.