ಫಿಲ್ಟರ್ ಆಮೇಲೆ, ಮೊದಲು ನೀರು ನೋಡಿ

ನೀರಿನ ಫಿಲ್ಟರ್ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ. "ಯಾವ ಕಂಪನಿಯದು ಒಳ್ಳೇದು?" ಅಂತ ಕೇಳಿದವರೇ ಜಾಸ್ತಿ. ಮನೆಗೆ ಯಾವ ನೀರು ಬರುತ್ತದೆ ಅಂತ ಬರೆದವರು ಕಡಿಮೆ. ಬರೆದವರಿಗೆ ಮೊದಲ ಮಣೆ.

ಪ್ರಶ್ನೆ: ನಮ್ಮದು ಕಾವೇರಿ ನೀರು. ಮೊನ್ನೆ ಫಿಲ್ಟರ್ ಮಾರುವವರು ಬಂದು ಒಂದು ಲೋಟದಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು ಇಟ್ಟು ಒಂದು ಯಂತ್ರ ಅದ್ದಿದರು. ನಮ್ಮದು ಕಂದು ಬಣ್ಣಕ್ಕೆ ತಿರುಗಿ ಗಲೀಜು ತೇಲಿತು, ಅವರದು ತಿಳಿಯಾಗೇ ಇತ್ತು. ಇಷ್ಟು ದಿನ ಅದನ್ನೇ ಕುಡಿದೆವಾ?
— ವಿಜಯನಗರ, ಬೆಂಗಳೂರು

ಉತ್ತರ: ಇಲ್ಲ. ಆ ಗಲೀಜು ಬಂದಿದ್ದು ನಿಮ್ಮ ನೀರಿನಿಂದಲ್ಲ, ಅವರ ಯಂತ್ರದ ಕಡ್ಡಿಯಿಂದ. ಅದರಲ್ಲಿ ಕಬ್ಬಿಣದ ಕಡ್ಡಿ ಇರುತ್ತದೆ. ನೀರಿನಲ್ಲಿ ಸ್ವಲ್ಪ ಲವಣ ಇದ್ದರೆ ಕರೆಂಟ್ ಹರಿದು ಕಬ್ಬಿಣ ಕರಗುತ್ತದೆ, ತುಕ್ಕಾಗಿ ತೇಲುತ್ತದೆ. ಆರ್‌ಒ ಅಂದರೆ ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮ ಪೊರೆ (ಮೆಂಬ್ರೇನ್) ದಾಟಿಸಿ ಲವಣ ತೆಗೆಯುವ ಫಿಲ್ಟರ್. ಅದರ ನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ಅಲ್ಲಿ ಕರೆಂಟೇ ಸರಿಯಾಗಿ ಹರಿಯುವುದಿಲ್ಲ. ಮುಂದಿನ ಸಲ ಬಂದರೆ ಅವರ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಅದ್ದಲು ಹೇಳಿ. ಅದೂ ಹಾಗೇ ಕಂದಾಗುತ್ತದೆ, ಅವರು ಬ್ಯಾಗ್ ಎತ್ತಿಕೊಂಡು ಹೊರಡುತ್ತಾರೆ!

ಕಾವೇರಿ ನೀರು ತೊರೆಕಾಡನಹಳ್ಳಿಯ ಘಟಕದಲ್ಲಿ ಶುದ್ಧವಾಗಿ, ಕ್ಲೋರಿನ್ ಹಾಕಿಸಿಕೊಂಡು ಬರುತ್ತದೆ. ಅದರ ಟಿಡಿಎಸ್, ಅಂದರೆ ಕರಗಿದ ಲವಣ, ಸಾಮಾನ್ಯವಾಗಿ ಲೀಟರಿಗೆ 500 ಮಿಲಿಗ್ರಾಂ ಒಳಗೇ ಇರುತ್ತದೆ. ಅಷ್ಟಿದ್ದ ಕಡೆ ಆರ್‌ಒ ಬೇಡ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಹೇಳಿತ್ತು. ಸುಮ್ನೆ ಯಾಕೆ ಒಂದು ಲೀಟರ್ ಕುಡಿಯೋಕೆ ಎರಡು ಮೂರು ಲೀಟರ್ ಮೋರಿಗೆ ಬಿಡಬೇಕು? ನಿಮ್ಮ ತೊಂದರೆ ಇರುವುದು ನೀರು ಮನೆಗೆ ಬಂದ ಮೇಲೆ: ತೊಳೆಯದ ಸಂಪು, ಮುಚ್ಚಳ ಸರಿಯಿಲ್ಲದ ಟ್ಯಾಂಕ್, ಎಲ್ಲೋ ಒಡೆದು ಚರಂಡಿ ನೀರು ಸೇರಿದ ಹಳೇ ಪೈಪು. ಇವೆಲ್ಲ ರೋಗಾಣುಗಳ ಲೆಕ್ಕ. ಅದಕ್ಕೆ ಕಾರ್ಬನ್ (ಇದ್ದಿಲು) ಜೊತೆ ಯುವಿ, ಅಂದರೆ ರೋಗಾಣು ಕೊಲ್ಲುವ ನೇರಳಾತೀತ ಬೆಳಕು, ಇರುವ ಫಿಲ್ಟರ್ ಸಾಕು. ಆದರೆ ನೀರಿಗೆ ಬರ ಬಂದ 2024ರ ಬೇಸಿಗೆಯ ಹಾಗೆ ಟ್ಯಾಂಕರ್ ನೀರನ್ನೂ ಅದೇ ಸಂಪಿಗೆ ಬಿಡುವ ಮನೆಯಾದರೆ ಈ ಮಾತು ನಡೆಯುವುದಿಲ್ಲ. ಟ್ಯಾಂಕರಿನವರು ಯಾವ ಬೋರ್‌ವೆಲ್‌ನಿಂದ ತಂದರೋ ಯಾರಿಗೆ ಗೊತ್ತು. ಸಂಪಿನ ನೀರನ್ನೇ ಲ್ಯಾಬಿಗೆ ಕೊಟ್ಟು ನೋಡಿ.

ಪ್ರಶ್ನೆ: ಊರಿನ ಶುದ್ಧ ನೀರಿನ ಘಟಕ ಕೆಟ್ಟಾಗ ಬೋರ್‌ವೆಲ್ ನೀರನ್ನೇ ಚೆನ್ನಾಗಿ ಕುದಿಸಿ ಕುಡಿಯುತ್ತೇವೆ. ಮಗನ ಹಲ್ಲಿನ ಮೇಲೆ ಕಂದು ಗೆರೆ ಬಂದಿದೆ. ಇನ್ನೂ ಜಾಸ್ತಿ ಹೊತ್ತು ಕುದಿಸಬೇಕಾ?
— ಪಾವಗಡ ತಾಲ್ಲೂಕು

ಉತ್ತರ: ದಯವಿಟ್ಟು ಬೇಡ. ಹಲ್ಲಿನ ಆ ಗೆರೆಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣ ಇರಬಹುದು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ ಅಷ್ಟೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಅಂತ ಭಾರತೀಯ ಮಾನಕದ ಲೆಕ್ಕ. ಇದು ಟಿಡಿಎಸ್ ಮೀಟರಿಗೆ ಸಿಗುವುದಿಲ್ಲ, ರುಚಿಗೂ ಸಿಗುವುದಿಲ್ಲ. ಜಿಲ್ಲಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಟ್ಟು ಬನ್ನಿ. ಮಗನನ್ನು ದಂತವೈದ್ಯರಿಗೂ ತೋರಿಸಿ, ಗೆರೆಗೆ ಬೇರೆ ಕಾರಣವೂ ಇರಬಹುದು.

ಫ್ಲೋರೈಡ್ ಜಾಸ್ತಿ ಇದ್ದರೆ ನಿಮಗೆ ಆರ್‌ಒ ಬೇಕೇ ಬೇಕು. ಬೆಂಗಳೂರಿನವರಿಗೆ ಬೇಡ ಎಂದವರು ನಮಗೆ ಬೇಕು ಅನ್ನುತ್ತೀರಲ್ಲ ಅನ್ನಬೇಡಿ, ನೀರೇ ಬೇರೆ. ಕರೆಂಟ್ ಕಾಟ ಇದ್ದರೆ ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಫಿಲ್ಟರ್ ಕೂಡ ಫ್ಲೋರೈಡ್ ಹಿಡಿಯುತ್ತದೆ, ಆದರೆ ಅದರ ಸರಕು ತುಂಬಿಕೊಂಡ ಮೇಲೆ ಬದಲಾಯಿಸಲೇಬೇಕು. ಇನ್ನೊಂದು ಮಾತು: ಕುಡಿಯೋಕೆ ಮಾತ್ರ ಒಳ್ಳೇ ನೀರು ಇಟ್ಟುಕೊಂಡು ಸಾರು, ಅನ್ನ, ಮುದ್ದೆಗೆ ಬೋರ್‌ವೆಲ್ ನೀರು ಹಾಕುವ ಮನೆಗಳು ಬಹಳ. ಫ್ಲೋರೈಡ್ ಆ ದಾರಿಯಲ್ಲೂ ಹೊಟ್ಟೆಗೆ ಹೋಗುತ್ತದೆ.

ಪ್ರಶ್ನೆ: ನಮ್ಮದು ಬಾವಿ ನೀರು. ಮಳೆಗಾಲದಲ್ಲಿ ಕದಡುತ್ತದೆ. ಬರೀ ಯುವಿ ಹಾಕಿಸಿದರೆ ಸಾಕಾ?
— ಪುತ್ತೂರು

ಉತ್ತರ: ಬರೀ ಯುವಿ ಸಾಲದು. ಕದಡಿದ ನೀರಿನಲ್ಲಿ ಬೆಳಕು ಒಳಗೆ ತಲುಪುವುದಿಲ್ಲ, ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳಿಯುತ್ತವೆ. ಯುವಿಗೆ ಮುಂಚೆ ಮಣ್ಣು ತಡೆಯುವ ಸೆಡಿಮೆಂಟ್ ಫಿಲ್ಟರ್, ಸಣ್ಣ ರಂಧ್ರಗಳ ಯುಎಫ್ ಪೊರೆ ಇರಲಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಹತ್ತಿರ ಹತ್ತಿರ 12,500 ಲೀಟರ್, ಅಂದರೆ 31 ಗ್ರಾಂ ಆಯಿತು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ರಾತ್ರಿ ಬಾವಿಗೆ ಬಿಡಿ. ಬೆಳಗ್ಗೆ ತನಕ ಸೇದಬೇಡಿ. ಜೀರಿಗೆ ಹಾಕಿ ಕುದಿಸುವ ಅಭ್ಯಾಸ ಇದೆಯಲ್ವಾ, ಅದನ್ನು ಮಳೆಗಾಲ ಮುಗಿಯುವ ತನಕ ಬಿಡಬೇಡಿ.

ಪ್ರಶ್ನೆ: ಸರ್ವೀಸಿನವರು ಬಂದಾಗಲೆಲ್ಲ ಎಲ್ಲಾ ಫಿಲ್ಟರ್ ಬದಲಾಯಿಸಿ ಅನ್ನುತ್ತಾರೆ. ನಂಬಬಹುದಾ?
— ಹುಬ್ಬಳ್ಳಿ

ಉತ್ತರ: ನೀವೇ ನೋಡಬಹುದು. ಒಂದು ಸಣ್ಣ ಟಿಡಿಎಸ್ ಮೀಟರ್ ಕೊಂಡು ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಒಳಗೆ 800, ಹೊರಗೆ 60 ಇದ್ದರೆ ಮೆಂಬ್ರೇನ್ ಗಟ್ಟಿಮುಟ್ಟಾಗಿದೆ. ಹೊರಗಿನದು ತಿಂಗಳಿಂದ ತಿಂಗಳಿಗೆ ಏರುತ್ತಾ 200 ಆಯಿತು ಅಂದರೆ ಅದರ ಆಯಸ್ಸು ಮುಗಿಯುತ್ತಾ ಬಂತು. ಸೆಡಿಮೆಂಟ್ ಫಿಲ್ಟರ್ ಕಣ್ಣಿಗೇ ಕಾಣುತ್ತದೆ, ಬಿಳಿ ಹೋಗಿ ಕಂದಾಗಿ ಜಿಗುಟಾದರೆ ತೆಗೆಯಿರಿ. ಕಾರ್ಬನ್‌ನಲ್ಲಿ ಮಾತ್ರ ಜಿಪುಣತನ ಬೇಡ. ನಲ್ಲಿ ನೀರಿನ ಕ್ಲೋರಿನ್ ತಡೆಯುವುದು ಅದೇ. ಅದು ಸೋತರೆ ಕ್ಲೋರಿನ್ ನೇರ ಹೋಗಿ ದುಬಾರಿ ಮೆಂಬ್ರೇನನ್ನೇ ತಿನ್ನುತ್ತದೆ.

ಒಂದು ಸ್ಕ್ರೂ ಬಗ್ಗೆ ಹೇಳಲೇಬೇಕು. "ನೀರು ಸಪ್ಪೆ" ಅಂದರೆ ಸರ್ವೀಸಿನವರು ಟಿಡಿಎಸ್ ಅಡ್ಜಸ್ಟರ್ ತಿರುಗಿಸುತ್ತಾರೆ, ರುಚಿ ಬರುತ್ತದೆ. ಅನೇಕ ಯಂತ್ರಗಳಲ್ಲಿ ಅದು ಮಾಡುವುದು ಇಷ್ಟೇ, ಮೆಂಬ್ರೇನ್ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುವುದು. ಫ್ಲೋರೈಡ್ ಇರುವ ಊರಿನಲ್ಲಿ ಆ ಸ್ಕ್ರೂ ಪೂರ್ತಿ ಮುಚ್ಚಿರಲಿ. ಮೀಟರಿನಲ್ಲಿ ಅಂಕಿ ದಿಢೀರ್ ಏರಿದರೂ ಮೆಂಬ್ರೇನ್ ಬದಲಾಯಿಸುವ ಮುಂಚೆ ಆ ಸ್ಕ್ರೂ ನೋಡಿ.

ಪ್ರಶ್ನೆ: ಚಳಿಗಾಲದಲ್ಲಿ ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೊರಟಿದ್ದೇನೆ. ಹೀರಿ ಕುಡಿಯುವ ಸಣ್ಣ ಫಿಲ್ಟರ್ ಸಾಕಾ?
— ದಾವಣಗೆರೆ

ಉತ್ತರ: ಅವುಗಳಲ್ಲಿ ಇರುವುದು ಸಣ್ಣ ಸಣ್ಣ ಕೊಳವೆಗಳ ಕಟ್ಟು, ರಂಧ್ರ 0.1 ಅಥವಾ 0.2 ಮೈಕ್ರಾನ್. ಬ್ಯಾಕ್ಟೀರಿಯಾ, ಭೇದಿ ತರುವ ಜಿಯಾರ್ಡಿಯಾ ಎಂಬ ಪರಾವಲಂಬಿ ಸಿಕ್ಕಿಬೀಳುತ್ತವೆ. ಹೆಪಟೈಟಿಸ್ ಎ ತರಹದ ವೈರಸ್ ಇನ್ನೂ ಸಣ್ಣದು, ನುಸುಳುತ್ತದೆ. ಹಳ್ಳಿ ಅಥವಾ ಕ್ಯಾಂಪಿನ ಕೆಳಗಿನ ತೊರೆಯ ನೀರಾದರೆ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಕಾಯಿರಿ. ತೀರಾ ತಣ್ಣಗಿನ ನೀರಿಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಸ್ಟೌ ಇದ್ದರೆ ಕುದಿಸುವುದೇ ವಾಸಿ, 2000 ಮೀಟರ್ ಮೇಲೆ 3 ನಿಮಿಷ ಕುದಿಯಲಿ.

ಅಂಗಡಿಯವರು ಹೇಳದೆ ಬಿಡುವುದು ಇದು: ಒಮ್ಮೆ ಬಳಸಿ ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ಕೊಳವೆ ಸೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೀರು ಮೊದಲಿಗಿಂತ ಸಲೀಸಾಗಿಯೇ ಬರುತ್ತದೆ, ಸೋಸುವುದು ಮಾತ್ರ ನಿಂತಿರುತ್ತದೆ. ಹಗಲು ಜಾಕೆಟ್ಟಿನ ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ. ಹೆಪ್ಪುಗಟ್ಟಿತೋ ಇಲ್ಲವೋ ಅನ್ನುವ ಅನುಮಾನ ಬಂದರೂ ಸಾಕು, ಅದನ್ನು ಎಸೆದು ಮಾತ್ರೆಯ ಪಟ್ಟಿ ತೆಗೆಯಿರಿ.