ಓದುಗರ ಪ್ರಶ್ನೆ: ನೀರು ಹಸಿರಾಗಿದ್ದರೂ ನೀರುಚಿಗಟ ಬೆಳೆಯದಿರುವುದೇಕೆ?

ಪ್ರಶ್ನೆ: ಪ್ಲಾಸ್ಟಿಕ್ ಹಾಳೆ ಹಾಸಿದ ನಮ್ಮ ಕೃಷಿ ಹೊಂಡದಲ್ಲಿ ಕಾಟ್ಲಾ ಮೀನುಮರಿಗಳನ್ನು ಬಿಡುವ ಮುನ್ನ ನೀರನ್ನು ಹಸಿರುಗಟ್ಟಿಸಿದ್ದೇವೆ. ಆದರೂ ಮೀನುಮರಿಗಳಿಗೆ ಆಹಾರವಾಗುವ ನೀರುಚಿಗಟಗಳು (ಪಾಚಿ ತಿನ್ನುವ ಪುಟ್ಟ ಜಲಜೀವಿಗಳು) ಸಣ್ಣದಾಗಿಯೇ ಉಳಿದಿವೆ, ಅವುಗಳಲ್ಲಿ ಮೊಟ್ಟೆಗಳು ಕಾಣುವುದಿಲ್ಲ. ಇಷ್ಟು ಪಾಚಿ ಇರುವಾಗ ಆಹಾರದ ಕೊರತೆ ಹೇಗಾದೀತು?
— ರೈತ ಓದುಗರು, ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: ನೀವು ನೀರಿನ ಬಣ್ಣವನ್ನಷ್ಟೇ ಅಲ್ಲದೆ ಚಿಗಟದ ಗಾತ್ರ ಮತ್ತು ಮೊಟ್ಟೆಗಳನ್ನೂ ಗಮನಿಸಿದ್ದೀರಿ, ಹೊಂಡದ ನಿಜಸ್ಥಿತಿಯನ್ನು ತಿಳಿಸುವುದು ಅವೇ. ಡಾಫ್ನಿಯಾ, ಮೊಯಿನಾ ಮುಂತಾದ ನೀರುಚಿಗಟಗಳು ಹೊರಕವಚವನ್ನು ಕಳಚುತ್ತಾ ಹಂತಹಂತವಾಗಿ ಬೆಳೆಯುತ್ತವೆ. ಆಹಾರ ಉತ್ತಮವಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ಒಂದು ವಾರದ ಆಸುಪಾಸಿನಲ್ಲೇ ಪ್ರೌಢವಾಗಿ, ಬೆನ್ನ ಭಾಗದ ಚೀಲದಲ್ಲಿ ಮೊಟ್ಟೆಗಳನ್ನು ಹೊರುತ್ತವೆ. ಆಹಾರ ಕೆಟ್ಟರೆ ಪ್ರೌಢಾವಸ್ಥೆ ತಡವಾಗುತ್ತದೆ, ದೇಹ ಚಿಕ್ಕದಾಗಿ ಉಳಿಯುತ್ತದೆ, ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ. ಕೊರತೆಯೂ ದಟ್ಟಣೆಯೂ ಹೆಚ್ಚಾದಾಗ ಗಂಡು ಚಿಗಟಗಳು ಕಾಣಿಸಿಕೊಂಡು, ಹೆಣ್ಣುಗಳು ಕುದುರೆಯ ಜೀನಿನ ಆಕಾರದ ಗಟ್ಟಿ ಕೋಶದಲ್ಲಿ ಸುಪ್ತ ಮೊಟ್ಟೆಗಳನ್ನಿಡುತ್ತವೆ.

ಆಹಾರ ಕೆಡುವ ಬಗೆಗಳು ಮುಖ್ಯವಾಗಿ ಎರಡು, ಮತ್ತು ಅವುಗಳ ಪರಿಹಾರಗಳು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಮೊದಲನೆಯದು ರಂಜಕದ (ಫಾಸ್ಫರಸ್) ಕೊರತೆ. ಡಾಫ್ನಿಯಾದ ಒಣತೂಕದಲ್ಲಿ ಶೇ. 1ಕ್ಕಿಂತ ಹೆಚ್ಚು ರಂಜಕವಿರುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳಾದ ಪ್ರಾಣಿಪ್ಲವಕಗಳಲ್ಲಿ ಇದು ದೊಡ್ಡ ಪ್ರಮಾಣ. ನಮ್ಮ ಬಯಲುಸೀಮೆಯ ಉರಿಬಿಸಿಲಿನಲ್ಲಿ, ಪೋಷಕಾಂಶಗಳು ಕಡಿಮೆಯಿರುವ ನೀರಿನಲ್ಲಿ ಪಾಚಿಯು ಬೆಳಕಿನ ಬಲದಿಂದ ಇಂಗಾಲವನ್ನು ಕೂಡಿಸಿಕೊಳ್ಳುತ್ತಲೇ ಹೋಗುತ್ತದೆ, ಆದರೆ ಅದಕ್ಕೆ ತಕ್ಕ ರಂಜಕ ಅದರ ಒಡಲಿಗೆ ಸೇರುವುದಿಲ್ಲ. ಆಹಾರದಲ್ಲಿ ಒಂದು ರಂಜಕ ಪರಮಾಣುವಿಗೆ ಇಂಗಾಲದ ಪರಮಾಣುಗಳು ಸುಮಾರು 300ನ್ನು ಮೀರಿದರೆ, ಹೊಟ್ಟೆ ತುಂಬಿದ್ದರೂ ಡಾಫ್ನಿಯಾದ ಬೆಳವಣಿಗೆ ಕುಂಠಿತವಾಗುತ್ತದೆ. ತಳದಲ್ಲಿ ಮಣ್ಣಿನ ಸಂಪರ್ಕವಿಲ್ಲದ ನಿಮ್ಮ ಹೊಂಡದಲ್ಲಿ ಈ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಎರಡನೆಯದು ನೀಲಿ-ಹಸಿರು ಪಾಚಿಯ ಹಾವಳಿ. ಗೊಬ್ಬರ ಅತಿಯಾದ ಹೊಂಡಗಳಲ್ಲಿ ಇದು ಸಾಮಾನ್ಯ. ಈ ಪಾಚಿಯ ಜಾತಿಗೆ ಸೇರಿದ ಮೈಕ್ರೊಸಿಸ್ಟಿಸ್‌ನ ಗುಂಪುಗಳು ಚಿಗಟದ ಸೋಸುವ ಕಾಲುಗಳಿಗೆ ನಿಲುಕದಷ್ಟು ದೊಡ್ಡವು, ಅದರ ಹಲವು ಬಗೆಗಳು ವಿಷವನ್ನೂ ಉತ್ಪಾದಿಸುತ್ತವೆ. ಇದಕ್ಕಿಂತ ಆಳವಾದ ಕಾರಣವೊಂದಿದೆ: ನೀರುಚಿಗಟವು ಸ್ಟೆರಾಲನ್ನು (ಕೊಬ್ಬಿನ ಬಗೆಯ ಒಂದು ವಸ್ತು) ತನ್ನೊಳಗೆ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು, ಕವಚ ಕಳಚುವುದನ್ನು ನಿಯಂತ್ರಿಸುವ ಹಾರ್ಮೋನು ರೂಪುಗೊಳ್ಳುವುದು ಆ ಸ್ಟೆರಾಲಿನಿಂದಲೇ. ನೀಲಿ-ಹಸಿರು ಪಾಚಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಆದುದರಿಂದ ಸಗಣಿ ಗೊಬ್ಬರವನ್ನಾಗಲಿ ಶೇಂಗಾ ಹಿಂಡಿಯನ್ನಾಗಲಿ ಇನ್ನಷ್ಟು ಸುರಿಯುವ ಮೊದಲು, ಹೊಂಡದ ನೀರನ್ನು ಗಾಜಿನ ಪಾತ್ರೆಯಲ್ಲಿ ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಹಸಿರು ಮೇಲಕ್ಕೆ ತೇಲಿ ಕೆನೆಗಟ್ಟಿದರೆ ನೀಲಿ-ಹಸಿರು ಪಾಚಿಯೆಂದು ಸಂಶಯಿಸಿ, ಗೊಬ್ಬರ ನಿಲ್ಲಿಸಿ, ನೀರಿನ ಒಂದು ಭಾಗವನ್ನು ಬದಲಿಸಿ. ನೀರಿನಲ್ಲೆಲ್ಲ ಹಸಿರು ಸಮನಾಗಿ ಹರಡಿಕೊಂಡಿದ್ದರೆ ರಂಜಕದ ಕೊರತೆಯತ್ತ ಗಮನ ಹರಿಸಬೇಕು. ನೀರಿನ ಪರೀಕ್ಷೆ ಮಾಡಿಸಿ, ಮೀನುಗಾರಿಕೆ ಇಲಾಖೆಯವರ ಸಲಹೆಯಂತೆ ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟನ್ನು ಅಲ್ಪ ಪ್ರಮಾಣದಲ್ಲಿ ಕೊಡಬಹುದು.

ಪ್ರಶ್ನೆ: ಪ್ರಯೋಗಾಲಯದಲ್ಲಿ ಮೊಯಿನಾವನ್ನು ಬರೀ ಯೀಸ್ಟ್ ಕೊಟ್ಟು ಸಾಕಬಹುದೇ? ಕೋಪೆಪಾಡ್‌ಗಳಿಗೂ (ನೀರುಚಿಗಟದಂತಹ ಇನ್ನೊಂದು ಬಗೆಯ ಪುಟ್ಟ ಜಲಜೀವಿಗಳು) ಅದೇ ಸಾಕೇ?
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಮೊಯಿನಾ ಯೀಸ್ಟಿನಿಂದ ಸಂಖ್ಯೆಯಲ್ಲಿ ಹೆಚ್ಚುತ್ತದೆ. ಆದರೆ ಮೀನುಮರಿಗೆ ಬೇಕಾದ ಒಮೆಗಾ-3 ಕೊಬ್ಬಿನಾಮ್ಲಗಳು ಯೀಸ್ಟಿನಲ್ಲಿಲ್ಲ, ಹಾಗಾಗಿ ಅಂತಹ ಮೊಯಿನಾದಲ್ಲೂ ಅವು ಕಡಿಮೆಯೇ. ಜೊತೆಗೆ ಸೀನೆಡೆಸ್ಮಸ್‌ನಂತಹ ಹಸಿರು ಪಾಚಿಯನ್ನು, ಸಾಧ್ಯವಾದರೆ ಸಿಲಿಕಾ ಕವಚದ ಪಾಚಿಗಳಾದ ಡಯಾಟಮ್‌ಗಳನ್ನು ಕೊಡಿ. ಕೋಪೆಪಾಡ್‌ಗಳ ಸ್ವಭಾವ ಬೇರೆ: ಅವು ಆಹಾರದ ಕಣಗಳನ್ನು ಆರಿಸಿ ತಿನ್ನುತ್ತವೆ, ಅವುಗಳ ದೇಹಕ್ಕೆ ರಂಜಕ ಕಡಿಮೆ ಸಾಕು, ಸಾರಜನಕ ಹೆಚ್ಚು ಬೇಕು. ಮೊಟ್ಟೆಯೊಡೆದು ಬಂದ ಮರಿಯಾದ ನಾಪ್ಲಿಯಸ್‌ನ ಆರು ಹಂತಗಳನ್ನೂ ನಂತರದ, ಪ್ರೌಢ ರೂಪವನ್ನು ಹೋಲುವ ಕೋಪೆಪೊಡೈಟ್ ಹಂತಗಳನ್ನೂ ದಾಟಿಯೇ ಅವು ಪ್ರೌಢವಾಗಬೇಕಾದುದರಿಂದ, ಆಹಾರ ಕೆಟ್ಟರೆ ಬೆಳವಣಿಗೆಯ ಅವಧಿ ಬಹಳ ದೀರ್ಘವಾಗುತ್ತದೆ. ಅವನ್ನು ಬೇರೆ ತೊಟ್ಟಿಯಲ್ಲಿ, ಪಾಚಿಯ ಆಹಾರದಲ್ಲೇ ಸಾಕುವುದು ಸೂಕ್ತ.